ಐದು ಹಳ್ಳಿ ಬೇಡ, ಮೂರು ಸಾಕು

ಊರು ಸುತ್ತೋಣ: ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಸೀಮೆಯ ಹಳ್ಳಿಗಳ ಬಗ್ಗೆ ಸುಮ್ನೆ ಒಂದು ಪ್ಯಾರಾ ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬೆಂಗಳೂರಿನಲ್ಲಿ ಬೀದಿಗೊಂದು ಮನೆಯ ಮಗನೋ ಮಗಳೋ ಲಂಡನ್ ಕಡೆ ಇದ್ದಾರೆ ಅಂತ ಕಾಣುತ್ತದೆ. ನನ್ನ ಮಗಳು ಇರುವುದೂ ಆಕ್ಸ್‌ಫರ್ಡ್ ಪಕ್ಕದಲ್ಲೇ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತಿಯಾದವಳು. ಬಸವನಗುಡಿಯಿಂದ ಎಲ್ಲಿಗೆ ಹೋದರೂ ಹೂವಿನ ಕುಂಡಕ್ಕಿಂತ ಮೊದಲು ಗೋಡೆ, ಚಾವಣಿ, ನೀರು ಹರಿಯುವ ದಾರಿ ಕಣ್ಣಿಗೆ ಬೀಳುತ್ತದೆ. ಉತ್ತರಗಳಲ್ಲೂ ಅದು ಇಣುಕುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ಮಗ ಲಂಡನ್ನಿನ ಹ್ಯಾರೋದಲ್ಲಿದ್ದಾನೆ. ಜೂನ್‌ನಲ್ಲಿ ನಾನು, ನಮ್ಮನೆಯವರು ಹೋಗುತ್ತಿದ್ದೇವೆ. ಇಬ್ಬರಿಗೂ ಅರವತ್ತು ದಾಟಿದೆ. ಮಗನಿಗೆ ರಜೆ ಸಿಗುವುದಿಲ್ಲ, ಒಂದು ಶನಿವಾರ ಮಾತ್ರ ನಮ್ಮ ಜೊತೆ ಬರುತ್ತಾನಂತೆ. ಟೂರ್ ಬಸ್ಸಿನಲ್ಲಿ ಹೋದರೆ ಒಂದೇ ದಿನದಲ್ಲಿ ಐದು ಹಳ್ಳಿ ತೋರಿಸುತ್ತಾರೆ ಅನ್ನುತ್ತಾನೆ. ಹೋಗಬಹುದಾ ಮೇಡಂ?
ಒಬ್ಬ ತಾಯಿ, ರಾಜಾಜಿನಗರ

ಹೋಗಬಹುದು ಕಣಮ್ಮ, ಆದರೆ ನೋಡುವುದು ಐದು ಪಾರ್ಕಿಂಗ್ ಜಾಗ. ಲೆಕ್ಕ ಹಾಕಿ. ಲಂಡನ್ನಿನಿಂದ ಬೋರ್ಟನ್-ಆನ್-ದ-ವಾಟರ್ ಎಂಬ ಊರಿಗೆ ಸುಮಾರು 135 ಕಿ.ಮೀ. ರಸ್ತೆ ಖಾಲಿ ಇದ್ದರೂ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಉಳಿದದ್ದನ್ನು ಐದು ಊರಿಗೆ ಹಂಚಿದರೆ ಒಂದೊಂದಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ ಹೆಚ್ಚು. ಬಸ್ಸಿನ ಜನವೆಲ್ಲ ಒಟ್ಟಿಗೆ ಇಳಿದಾಗ ಅದರಲ್ಲಿ ಕಾಲು ಗಂಟೆ ಶೌಚಾಲಯದ ಸಾಲಿಗೇ ಹೋಯಿತು. ಸಂಜೆ ಯಾವ ಸೇತುವೆ ಯಾವ ಊರಿನದು ಅಂತ ಫೋನ್ ನೋಡಿ ಜಗಳ ಆಡುತ್ತೀರಿ.

ನಿಮ್ಮ ಮಗನಿಗೆ ಹೀಗೆ ಹೇಳಿ. ಹ್ಯಾರೋ ಆಂಡ್ ವೀಲ್ಡ್‌ಸ್ಟೋನ್ ನಿಲ್ದಾಣದಿಂದ ಬೇಕರ್ಲೂ ಮಾರ್ಗದ ಟ್ಯೂಬ್ ನೇರವಾಗಿ ಪ್ಯಾಡಿಂಗ್ಟನ್‌ಗೆ ಹೋಗುತ್ತದೆ. ಪ್ಯಾಡಿಂಗ್ಟನ್‌ನಿಂದ ಮೋರ್ಟನ್-ಇನ್-ಮಾರ್ಷ್‌ಗೆ ನೇರ ರೈಲು ಇದೆ, ಸುಮಾರು ಒಂದೂಮುಕ್ಕಾಲು ಗಂಟೆ. ಅರವತ್ತು ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಅಂತ ಸಿಗುತ್ತದೆ, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಅದು ಅಲ್ಲಿಯವರಿಗೆ ಮಾತ್ರ ಅಲ್ಲ. ಪಾಸ್‌ಪೋರ್ಟ್ ತೋರಿಸಿ ನೀವೂ ಮಾಡಿಸಬಹುದು. ಎರಡು ತಿಂಗಳು ಇದ್ದು ನಾಲ್ಕು ಕಡೆ ಓಡಾಡುವವರಿಗೆ ಲಾಭವೇ.

ಮೋರ್ಟನ್‌ನಲ್ಲಿ ಇಳಿದು ಹೈ ಸ್ಟ್ರೀಟ್‌ಗೆ ನಡೆಯಿರಿ, ಕೆಲವೇ ನಿಮಿಷ. ಅಲ್ಲಿ 801 ನಂಬರಿನ ಬಸ್ ಸಿಗುತ್ತದೆ. ಸ್ಟೋ-ಆನ್-ದ-ವೋಲ್ಡ್ ಮೇಲಿಂದ ಬೋರ್ಟನ್‌ಗೆ, ಆಮೇಲೆ ಚೆಲ್ಟನಮ್‌ಗೆ ಹೋಗುವ ಬಸ್ ಅದು. ಇಂಗ್ಲೆಂಡಿನಲ್ಲಿ 2025ರ ಜನವರಿಯಿಂದ ಬಹುತೇಕ ಬಸ್ಸುಗಳಲ್ಲಿ ಒಂದು ಸಲದ ಟಿಕೆಟ್‌ಗೆ 3 ಪೌಂಡಿನ ಮಿತಿ ಇದೆ. ಒಂದು ಬಸ್ ತಪ್ಪಿದರೆ ಮುಂದಿನದಕ್ಕೆ ಗಂಟೆಗೂ ಜಾಸ್ತಿ ಕಾಯಬೇಕಾಗಬಹುದು. ಹಾಗಾಗಿ ವಾಪಸ್ ಬರುವ ಬಸ್ಸಿನ ಸಮಯವನ್ನು ಹೋಗುವ ಮೊದಲೇ ಬರೆದುಕೊಳ್ಳಿ. ಶನಿವಾರ ಆರಿಸಿದ್ದು ಒಳ್ಳೆಯದಾಯಿತು. ಭಾನುವಾರ ಹಳ್ಳಿ ಬಸ್ಸುಗಳನ್ನು ನಂಬಿಕೊಳ್ಳಬಾರದು.

ಬೋರ್ಟನ್‌ನಲ್ಲಿ ವಿಂಡ್‌ರಶ್ ಹೊಳೆ ಊರ ನಡುವೆಯೇ ಹರಿಯುತ್ತದೆ. ಕಾಲು ಇಳಿಬಿಟ್ಟು ಕೂರಬಹುದಾದಷ್ಟು ತಗ್ಗಾದ ಕಲ್ಲು ಸೇತುವೆಗಳು. ಜೂನ್ ಶನಿವಾರ ಅಲ್ಲಿ ನಿಮ್ಮ ಹಾಗೆ ಬಂದವರೇ ತುಂಬಿರುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿನ ಮಾಡೆಲ್ ವಿಲೇಜ್ ಮಾತ್ರ ತಪ್ಪಿಸಬೇಡಿ. ಇಡೀ ಊರನ್ನು ಒಂಬತ್ತರಲ್ಲಿ ಒಂದು ಅಳತೆಗೆ ಇಳಿಸಿ, ಅದೇ ಸೀಮೆಯ ಕಲ್ಲಿನಲ್ಲಿ ಕಟ್ಟಿ 1937ರಲ್ಲಿ ತೆರೆದರು. ಊರಲ್ಲಿರುವುದೆಲ್ಲ ಅದರಲ್ಲಿರಬೇಕಲ್ಲ, ಅದಕ್ಕೆ ಆ ಪುಟ್ಟ ಊರಿನೊಳಗೆ ಇನ್ನೂ ಪುಟ್ಟ ಮಾಡೆಲ್ ವಿಲೇಜ್ ಇದೆ. ಅದರೊಳಗೆ ಮತ್ತೂ ಪುಟ್ಟದು! ನಾನು ಅದರ ಮುಂದೆ ನಿಂತಿದ್ದಷ್ಟು ಹೊತ್ತು ಮಗಳು ಕಾಫಿ ಕುಡಿದು ಬಂದಳು.

ಆಮೇಲೆ ಜನರನ್ನು ಅಲ್ಲೇ ಬಿಟ್ಟು ನಡೆಯಲು ಶುರು ಮಾಡಿ. ಲೋವರ್ ಸ್ಲಾಟರ್‌ಗೆ ಎರಡೂವರೆ ಕಿ.ಮೀ. ಒಳಗೆ, ಹೊಲದ ಪಕ್ಕದ ಕಾಲುದಾರಿ. ಅಲ್ಲಿ ಹರಿಯುವುದು ಐ ಎಂಬ ಇನ್ನೊಂದು ಸಣ್ಣ ಹೊಳೆ. ಅದರ ದಂಡೆಯಲ್ಲಿ ಹಳೆಯ ಹಿಟ್ಟಿನ ಗಿರಣಿ, ನೀರಿನ ಚಕ್ರ. ಪೂರ್ತಿ ಕಲ್ಲಿನ ಊರಿನಲ್ಲಿ ಆ ಗಿರಣಿಗೆ ಮಾತ್ರ ಕೆಂಪು ಇಟ್ಟಿಗೆಯ ಚಿಮಣಿ. ಫೋಟೋ ತೆಗೆಯುವವರಿಗೆ ಅದು ಇಷ್ಟವಾಗುವುದಿಲ್ಲ, ನನಗೆ ಅದೇ ಇಷ್ಟ. ಹಬೆ ಯಂತ್ರದ ಕಾಲ ಬಂದಾಗ ಊರು ಚಂದ ಕೆಡುತ್ತದೆ ಅಂತ ಯಾರೂ ಕೂತು ಯೋಚಿಸಲಿಲ್ಲ ಅನ್ನುವುದಕ್ಕೆ ಸಾಕ್ಷಿ ಅದು.

ಅಲ್ಲಿಂದ ಹುಲ್ಲುಗಾವಲು ದಾಟಿ ಒಂದೂವರೆ ಕಿ.ಮೀ. ನಡೆದರೆ ಅಪ್ಪರ್ ಸ್ಲಾಟರ್. ದಾರಿ ಖಾಸಗಿ ಜಮೀನಿನ ಮೇಲೇ ಹೋಗುತ್ತದೆ, ಆದರೆ ನಡೆಯುವ ಹಕ್ಕು ಎಲ್ಲರಿಗೂ ಇದೆ. ಹಳದಿ ಬಾಣದ ಗುರುತು ನೋಡಿಕೊಂಡು ಹೋಗಿ. ಗೇಟು ಮುಚ್ಚಿದ್ದರೆ ದಾಟಿ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಇಷ್ಟು ಪಾಲಿಸಿದರೆ ಯಾರೂ ಏನೂ ಕೇಳುವುದಿಲ್ಲ.

ಅಪ್ಪರ್ ಸ್ಲಾಟರ್‌ನಲ್ಲಿ ಅಂಗಡಿ ಇಲ್ಲ, ಗಲಾಟೆ ಇಲ್ಲ. ಚೌಕದ ಸುತ್ತ ಇರುವ ಮನೆಗಳನ್ನು 1906ರಲ್ಲಿ ತಿದ್ದಿ ಕಟ್ಟಿದವರು ಎಡ್ವಿನ್ ಲುಟ್ಯೆನ್ಸ್. ಹೌದು, ಆಮೇಲೆ ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದವರೇ. ಅಷ್ಟು ದೊಡ್ಡದನ್ನು ಕಟ್ಟಿದ ಮನುಷ್ಯ ಇಷ್ಟು ಸಣ್ಣ ಮನೆಗಳಲ್ಲಿ ಎಷ್ಟು ತಗ್ಗಿ ನಡೆದಿದ್ದಾರೆ ಅಂತ ನೋಡಿ. ಮನೆಗಳು ಮೊದಲಿಂದ ಅಲ್ಲೇ ಇದ್ದವು ಅನ್ನಿಸುತ್ತದೆ.

ಇನ್ನೊಂದು ವಿಷಯ. ನಮ್ಮ ಹಳ್ಳಿಗಳಲ್ಲಿ ವೀರಗಲ್ಲು ಇರುವ ಹಾಗೆ ಇಂಗ್ಲೆಂಡಿನ ಊರೂರಿನಲ್ಲೂ ಮೊದಲನೇ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು ಇರುತ್ತದೆ. ಹತ್ತು ಮನೆಯ ಊರಿನಲ್ಲೂ ಇರುತ್ತದೆ. ಅಪ್ಪರ್ ಸ್ಲಾಟರ್‌ನಲ್ಲಿ ಅಂಥ ಪಟ್ಟಿ ಇಲ್ಲ. ಇಲ್ಲಿಂದ ಯುದ್ಧಕ್ಕೆ ಹೋದವರೆಲ್ಲ ಬದುಕಿ ಬಂದರು. ಎರಡನೇ ಮಹಾಯುದ್ಧದಲ್ಲೂ ಹಾಗೇ ಆಯಿತು. ಎರಡೂ ಯುದ್ಧದಲ್ಲಿ ಹೀಗೆ ಪಾರಾದ ಊರುಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಟೂರ್ ಬಸ್ಸು ಇಲ್ಲಿಗೆ ಬರುವುದಿಲ್ಲ. ಬಂದರೂ ತಿರುಗಿಸಲು ಜಾಗ ಇಲ್ಲ.

ಹೋಗಿ ಬರುವುದು ಸೇರಿ ನಡಿಗೆ ಸುಮಾರು 8 ಕಿ.ಮೀ. ಆಗುತ್ತದೆ. ಹೊತ್ತು ಉಳಿದರೆ ವಾಪಸ್ ಬರುವಾಗ ಸ್ಟೋದಲ್ಲಿ ಇಳಿದು ಚರ್ಚಿನ ಉತ್ತರ ಬಾಗಿಲು ನೋಡಿ. ಎರಡು ಮುದಿ ಯೂ ಮರಗಳು ದ್ವಾರಪಾಲಕರಂತೆ ಗೋಡೆಗೇ ಅಂಟಿಕೊಂಡು ಬೆಳೆದಿವೆ. ಹೊತ್ತು ಇಲ್ಲದಿದ್ದರೆ ಬಿಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ, ಆದರೆ ಬಸ್ಸು ಬೆಳಕು ಇರುವ ತನಕ ಓಡುವುದಿಲ್ಲ.

ಪ್ರಶ್ನೆ: ಮಂಡಿ ನೋವಿದೆ. ನಡೆಯದೆ ನೋಡಲು ಆಗುತ್ತದಾ?
ನಿವೃತ್ತ ಬ್ಯಾಂಕ್ ಉದ್ಯೋಗಿ, ಬನಶಂಕರಿ

ಬೋರ್ಟನ್ ಊರೊಳಗೆ ಪೂರ್ತಿ ಸಮತಟ್ಟು, ಎಲ್ಲೆಲ್ಲೂ ಬೆಂಚು. ನಿಮಗೆ ಅದು ಸಾಕು. ಹೊಲದ ದಾರಿಗಳಲ್ಲಿ ಮಾತ್ರ ಎಚ್ಚರ. ಕೆಲವು ಕಡೆ ಬೇಲಿ ದಾಟಲು ಮರದ ಮೆಟ್ಟಿಲು ಇರುತ್ತದೆ, ಕಾಲು ಎತ್ತಿ ಆಚೆ ಹಾಕಬೇಕು. ಮಳೆ ಬಂದ ಮೇಲೆ ಜೇಡಿಮಣ್ಣು ಜಾರುತ್ತದೆ. ಸ್ಟೋ ಇರುವುದು ಸುಮಾರು 240 ಮೀಟರ್ ಎತ್ತರದ ಗುಡ್ಡದ ಮೇಲೆ, ಆದರೆ ಬಸ್ಸು ಮೇಲಿನವರೆಗೂ ಹೋಗುತ್ತದೆ. ಬರ್ಫರ್ಡ್ ಬೇಡ, ಅಲ್ಲಿನ ಮುಖ್ಯ ಬೀದಿಯೇ ಒಂದು ಇಳಿಜಾರು.

ಪ್ರಶ್ನೆ: ಆಂಟಿ, ನಾನು ಸಿವಿಲ್ ಡಿಪ್ಲೊಮಾ ಓದುತ್ತಿದ್ದೇನೆ. ಫೋಟೋಗಳಲ್ಲಿ ಆ ಹಳ್ಳಿಗಳ ಮನೆಗಳೆಲ್ಲ ಒಂದೇ ಜೇನು ಬಣ್ಣ. ಇದೇ ಪೇಂಟ್ ಹೊಡೆಯಬೇಕು ಅಂತ ಸರ್ಕಾರದ ಆರ್ಡರ್ ಇದೆಯಾ?
ವಿದ್ಯಾರ್ಥಿ, ಜಯನಗರ

ಬಾರಪ್ಪ, ಈ ಪ್ರಶ್ನೆಗೇ ಕಾಯುತ್ತಿದ್ದೆ. ಪೇಂಟೇ ಇಲ್ಲ. ಅದು ಕಲ್ಲಿನದೇ ಬಣ್ಣ. ಆ ಗುಡ್ಡಗಳೆಲ್ಲ ಸುಣ್ಣಕಲ್ಲು. ಸುಮಾರು 17 ಕೋಟಿ ವರ್ಷದ ಹಿಂದೆ ಅಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರ ಇತ್ತು. ಅದರ ತಳದಲ್ಲಿ ಸುಣ್ಣ ಸುತ್ತಿಕೊಂಡ ಸಣ್ಣ ಸಣ್ಣ ದುಂಡು ಕಾಳುಗಳು ಕೂತು ಗಟ್ಟಿಯಾಗಿ ಈ ಕಲ್ಲಾಯಿತು. ಕಬ್ಬಿಣದ ಅಂಶ ಜಾಸ್ತಿ ಇರುವ ಕಡೆ ಹಳದಿ ಗಾಢವಾಗುತ್ತದೆ. ಉತ್ತರದ ಚಿಪ್ಪಿಂಗ್ ಕ್ಯಾಂಪ್ಡನ್ ಕಡೆ ಜೇನಿನ ಬಣ್ಣ, ದಕ್ಷಿಣಕ್ಕೆ ಬಾತ್ ಕಡೆ ಬರುತ್ತಾ ಕೆನೆಯ ಬಣ್ಣ. ಗಾಡಿ ಎತ್ತಿನ ಕಾಲದಲ್ಲಿ ಕಲ್ಲನ್ನು ದೂರ ಸಾಗಿಸುವ ಖರ್ಚು ಯಾರಿಗೂ ಬೇಡವಾಗಿತ್ತು. ಊರ ಪಕ್ಕದ ಕ್ವಾರಿಯಲ್ಲಿ ಸಿಕ್ಕಿದ್ದರಲ್ಲೇ ಮನೆ, ದೊಡ್ಡಿ, ಚರ್ಚು, ಸೇತುವೆ ಎಲ್ಲ. ನಾವು ಸಾದರಹಳ್ಳಿ ಕಲ್ಲು ಬಳಸಿದ್ದೂ ಅದೇ ಲೆಕ್ಕದಲ್ಲಿ.

ಈಗ ತಲೆ ಎತ್ತಿ ಚಾವಣಿ ನೋಡು. ಅದೂ ಕಲ್ಲೇ. ತೆಳ್ಳಗಿನ ಕಲ್ಲಿನ ಹೆಂಚು. ಸೂರಿನ ಅಂಚಿನಲ್ಲಿ ದೊಡ್ಡವು, ಮೇಲೆ ಹೋದ ಹಾಗೆ ಚಿಕ್ಕವು, ನೆತ್ತಿಯಲ್ಲಿ ಅಂಗೈ ಅಗಲದವು. ಸ್ಟೋನ್ಸ್‌ಫೀಲ್ಡ್ ಎಂಬ ಊರಿನಲ್ಲಿ ಈ ಹೆಂಚನ್ನು ಉಳಿಯಿಂದ ಸೀಳುತ್ತಿರಲಿಲ್ಲ. ಕಲ್ಲಿನ ದಿಮ್ಮಿಯನ್ನು ನೆಲದಿಂದ ತೆಗೆದು, ಒಣಗದಂತೆ ಒದ್ದೆ ಇಟ್ಟು, ಚಳಿಗಾಲದ ರಾತ್ರಿಗೆ ಬಯಲಲ್ಲಿ ಬಿಡುತ್ತಿದ್ದರು. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲು ಪದರ ಪದರವಾಗಿ ತಾನೇ ಬಿಚ್ಚಿಕೊಳ್ಳುತ್ತಿತ್ತು. ಕೂಲಿ ಕೊಡಬೇಕಾಗಿಲ್ಲದ ಕೆಲಸಗಾರ ಚಳಿ! ಆದರೆ ಚಳಿ ಬೀಳದ ವರ್ಷ ಹೆಂಚೂ ಇಲ್ಲ.

ಆ ಕಲ್ಲು ಸ್ವಲ್ಪ ನೀರು ಹೀರುತ್ತದೆ, ಭಾರವೂ ಜಾಸ್ತಿ. ಮಳೆ ಬೇಗ ಜಾರಿ ಹೋಗಲಿ ಅಂತ ಚಾವಣಿಯನ್ನು ಕಡಿದಾಗಿ ಇಳಿಸಿದ್ದಾರೆ. ಚಾವಣಿ ಅಷ್ಟು ಎತ್ತರಕ್ಕೆ ಹೋದ ಮೇಲೆ ಅದರೊಳಗೆ ಒಂದು ಮಲಗುವ ಕೋಣೆ ಸಿಗುತ್ತದೆ, ಅದಕ್ಕೆ ಬೆಳಕು ಬೇಕಲ್ಲ, ಅದಕ್ಕೇ ಆ ಮೂರು ಮೂಲೆಯ ಕಿಟಕಿ ಮುಖಗಳು. ಕಿಟಕಿಯ ಮೇಲೆ ಹುಬ್ಬಿನ ಹಾಗೆ ಚಾಚಿದ ಕಲ್ಲು ಅಲಂಕಾರಕ್ಕಲ್ಲ. ಗೋಡೆ ಮೇಲೆ ಇಳಿಯುವ ನೀರು ಗಾಜಿಗೆ ಬೀಳದೆ ಪಕ್ಕಕ್ಕೆ ಹೋಗಲಿ ಅಂತ. ಚಂದ ಚಂದ ಅಂತ ಎಲ್ಲರೂ ಫೋಟೋ ತೆಗೆಯುವುದರಲ್ಲಿ ಮುಕ್ಕಾಲು ಪಾಲು ಮಳೆ ನೀರಿನ ವ್ಯವಸ್ಥೆ.

ಹೊಲದ ಗೋಡೆಗಳನ್ನೂ ನೋಡು. ಸಿಮೆಂಟ್ ಇಲ್ಲ, ಗಾರೆ ಇಲ್ಲ. ಒಂದಕ್ಕೊಂದು ವಾಲಿಕೊಂಡ ಎರಡು ಸಾಲು, ನಡುವೆ ಚಿಕ್ಕ ಕಲ್ಲಿನ ತುಂಬು, ಅಲ್ಲಲ್ಲಿ ಎರಡೂ ಸಾಲನ್ನು ಹಿಡಿಯುವ ಉದ್ದ ಕಲ್ಲು, ತಲೆಯ ಮೇಲೆ ನಿಲ್ಲಿಸಿ ಜೋಡಿಸಿದ ಕಲ್ಲುಗಳು. ನೀರು ಸಂದಿಯಿಂದ ಹೊರಗೆ ಹೋಗುತ್ತದೆ, ಗೋಡೆ ಉಬ್ಬುವುದಿಲ್ಲ. ಮಣ್ಣು ತಡೆಯುವ ರಿಟೈನಿಂಗ್ ವಾಲ್‌ಗೆ ನೀರಿನ ತೂತು ಬಿಡಲು ಮರೆಯುವ ನಮ್ಮ ಕಂಟ್ರಾಕ್ಟರುಗಳನ್ನು ಒಂದು ವಾರ ಅಲ್ಲಿ ಕೂರಿಸಬೇಕು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಅಂದರೆ ಕುರಿಯಿಂದ. ಕಾಟ್ಸ್‌ವೋಲ್ಡ್ ಲಯನ್ ಎಂಬ ತಳಿ, ಉದ್ದ ಉಣ್ಣೆ. ಮಧ್ಯಯುಗದಲ್ಲಿ ಆ ಉಣ್ಣೆ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ಗೆ, ಇಟಲಿಗೆ ಹೋಗುತ್ತಿತ್ತು. ಸಣ್ಣ ಊರಲ್ಲೂ ದೊಡ್ಡ ಚರ್ಚು ಕಂಡರೆ ಅದು ಉಣ್ಣೆ ವ್ಯಾಪಾರಿಗಳ ದುಡ್ಡು. ನಾರ್ತ್‌ಲೀಚ್ ಚರ್ಚಿನ ನೆಲದಲ್ಲಿ ಅವರ ಸಮಾಧಿಗೆ ಹಾಕಿದ ಹಿತ್ತಾಳೆ ತಗಡುಗಳಿವೆ. ಅದರಲ್ಲಿ ಕೆಲವರ ಕಾಲ ಕೆಳಗೆ ಕುರಿ, ಉಣ್ಣೆ ಮೂಟೆ ಕೆತ್ತಿದ್ದಾರೆ. ಸತ್ತ ಮೇಲೂ ಅನ್ನ ಕೊಟ್ಟಿದ್ದನ್ನು ಮರೆತಿಲ್ಲ.

ಆಮೇಲೆ ಯಂತ್ರಗಳು ಬಂದವು. ಬಟ್ಟೆಯ ಕೆಲಸ ಯಾರ್ಕ್‌ಷೈರ್ ಕಡೆ ಹೋಯಿತು. ಕಾಟ್ಸ್‌ವೋಲ್ಡ್ಸ್ ಬಡವಾಯಿತು. ಹಳೆ ಮನೆ ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ಕಾಸಿರಲಿಲ್ಲ. ಇವತ್ತು ಲಕ್ಷಾಂತರ ಜನ ನೋಡಲು ಹೋಗುವುದು ಆ ಬಡತನ ಉಳಿಸಿದ್ದನ್ನು. ಇದನ್ನು ನಿನ್ನ ಪರೀಕ್ಷೆಯಲ್ಲಿ ಕೇಳುವುದಿಲ್ಲ, ಆದರೂ ತಿಳಿದುಕೊಂಡಿರು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹಳ್ಳಿಗಳಲ್ಲಿ ಊಟಕ್ಕೆ ಏನು ಮಾಡುವುದು?
ದಂಪತಿ, ಮಲ್ಲೇಶ್ವರ

ಮೊದಲು ಹೊತ್ತಿನ ವಿಷಯ. ಹಳ್ಳಿಯ ಪಬ್ಬುಗಳಲ್ಲಿ ಮಧ್ಯಾಹ್ನದ ಅಡುಗೆ ಎರಡು, ಎರಡೂವರೆಗೆ ನಿಲ್ಲುತ್ತದೆ, ಮತ್ತೆ ಶುರುವಾಗುವುದು ಸಂಜೆ. ಮೂರು ಗಂಟೆಗೆ ಹಸಿದುಕೊಂಡು ಹೋದರೆ ಬರೀ ಚಿಪ್ಸ್ ಪೊಟ್ಟಣ ಸಿಗುತ್ತದೆ. ಪಬ್ಬು ಅಂದಕೂಡಲೇ ಗಾಬರಿ ಬೇಡ. ಅಲ್ಲಿ ಮಕ್ಕಳು, ಅಜ್ಜಿಯರು, ನಾಯಿಗಳು ಎಲ್ಲ ಕೂತಿರುತ್ತಾರೆ.

ಜ್ಯಾಕೆಟ್ ಪೊಟೇಟೊ ಕೇಳಿ: ಸಿಪ್ಪೆ ಸಮೇತ ಬೇಯಿಸಿದ ದಪ್ಪ ಆಲೂಗಡ್ಡೆ, ಮೇಲೆ ಬೀನ್ಸ್. ಖಾರ ಇರುವುದಿಲ್ಲ, ಹೊಟ್ಟೆ ತುಂಬುತ್ತದೆ. ಸೂಪಿಗೆ ಯಾವ ಸ್ಟಾಕ್ (ತರಕಾರಿ ಬೇಯಿಸಿದ ನೀರೋ, ಮಾಂಸ ಬೇಯಿಸಿದ್ದೋ) ಹಾಕಿದ್ದೀರಿ ಅಂತ ಕೇಳಲು ನಾಚಿಕೆ ಬೇಡ. ಆಲೂಗಡ್ಡೆ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುವುದು ಸಾಮಾನ್ಯ, ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಿಯೇ ತಿನ್ನಿ. ಚೀಸ್ ಎಲ್ಲವೂ ಸಸ್ಯಾಹಾರವಲ್ಲ, ಕೆಲವಕ್ಕೆ ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಸ್ಕೋನ್, ಕೇಕುಗಳಲ್ಲಿ ಮೊಟ್ಟೆ ಇರುವ ಸಂಭವವೇ ಜಾಸ್ತಿ. ನಿಮಗೆ ಮೊಟ್ಟೆಯೂ ಬೇಡವಾದ್ದರಿಂದ ಮೆನುವಿನಲ್ಲಿ ವೀಗನ್ (ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ್ದು) ಗುರುತು ಇರುವುದನ್ನೇ ಆರಿಸಿ, ತಲೆನೋವು ಕಮ್ಮಿ.

ನಾನು ಮಾಡುವುದು ಬೇರೆ. ಬೆಳಿಗ್ಗೆ ಮಗಳ ಮನೆಯಲ್ಲೇ ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಹೊಳೆ ಪಕ್ಕದ ಬೆಂಚಿನಲ್ಲಿ ಕೂತು ತಿನ್ನುವುದು, ಆಮೇಲೆ ಟೀ ಅಂಗಡಿಯಲ್ಲಿ ಟೀ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇಲ್ಲಿಂದಲೇ ತೆಗೆದುಕೊಂಡು ಹೋಗಬಹುದು. ಮನೆ ತುಪ್ಪದ ಡಬ್ಬಿ ಮಾತ್ರ ಒಯ್ಯಬೇಡಿ. ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸ ತರಬಾರದು ಅಂತ ಅಲ್ಲಿನ ಕಾನೂನು. ಬಾತುಕೋಳಿಗಳು ಕಾಲ ಹತ್ತಿರವೇ ಬಂದು ನಿಲ್ಲುತ್ತವೆ. ಪುಳಿಯೋಗರೆ ಅವುಗಳಿಗಲ್ಲ.

ಪ್ರಶ್ನೆ: ಲಂಡನ್‌ನಲ್ಲಿ ಆರು ತಿಂಗಳ ಪ್ರಾಜೆಕ್ಟ್. ಬೆಂಗಳೂರಲ್ಲಿ ಹತ್ತು ವರ್ಷ ಓಡಿಸಿದ್ದೇನೆ. ಅಲ್ಲಿ ಕಾರ್ ಬಾಡಿಗೆಗೆ ತೆಗೆದುಕೊಳ್ಳಬಹುದಾ?
ಸಾಫ್ಟ್‌ವೇರ್ ಎಂಜಿನಿಯರ್, ಮಾರತ್ತಹಳ್ಳಿ

ಮಾರತ್ತಹಳ್ಳಿಯಲ್ಲಿ ಓಡಿಸಿದವರಿಗೆ ಧೈರ್ಯ ನಾನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಬೇಕಾದದ್ದು ತಾಳ್ಮೆ. ನಮ್ಮ ಲೈಸೆನ್ಸ್‌ನಲ್ಲಿ 12 ತಿಂಗಳವರೆಗೆ ಓಡಿಸಬಹುದು, ಎಡಗಡೆಯೇ. ರೌಂಡ್‌ಅಬೌಟ್‌ನಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು, ನಿಜವಾಗಿಯೂ ಬಿಡಬೇಕು. ಬೋರ್ಡಿನ ವೇಗ ಮೈಲಿಯಲ್ಲಿರುತ್ತದೆ. ಆಟೋಮ್ಯಾಟಿಕ್ ಗಾಡಿ ಬೇಕಾದರೆ ಬುಕ್ ಮಾಡುವಾಗಲೇ ಹೇಳಿ.

ತೊಂದರೆ ಶುರುವಾಗುವುದು ಹಳ್ಳಿ ರಸ್ತೆಯಲ್ಲಿ. ಒಂದೇ ಗಾಡಿ ಹೋಗುವಷ್ಟು ಅಗಲ, ಎರಡೂ ಕಡೆ ಎತ್ತರದ ಬೇಲಿ. ಎದುರು ಗಾಡಿ ಬಂದರೆ ಅಗಲ ಜಾಗಕ್ಕೆ ಯಾರು ಹತ್ತಿರವೋ ಅವರು ರಿವರ್ಸ್ ಹೋಗುತ್ತಾರೆ. ಹಾರ್ನ್ ಇಲ್ಲ, ಹೆಡ್‌ಲೈಟ್ ಮಿಣುಕಿಸುವುದಿಲ್ಲ. ದಾಟಿದ ಮೇಲೆ ಕೈ ಎತ್ತಿ ಥ್ಯಾಂಕ್ಸ್ ಹೇಳುವುದು ಕಡ್ಡಾಯ ಅಂದುಕೊಳ್ಳಿ. ಎದುರು ಟ್ರ್ಯಾಕ್ಟರ್ ಬಂದರೆ ನೀವೇ ಹಿಂದೆ ಹೋಗಿ, ವಾದ ಬೇಡ. ಹುಲ್ಲಿನ ಅಂಚಿನ ಮೇಲೆ ಗಾಡಿ ಹತ್ತಿಸಿ ನಿಲ್ಲಿಸಬೇಡಿ. ಊರ ಹೊರಗಿನ ಕಾರ್ ಪಾರ್ಕಿನಲ್ಲಿ ದುಡ್ಡು ಕೊಟ್ಟು ನಿಲ್ಲಿಸಿ ನಡೆಯಿರಿ.

ಪ್ರಶ್ನೆ: ಇಷ್ಟೆಲ್ಲ ಚಂದದ ಹಿಂದೆ ನಮ್ಮ ದೇಶದ ದುಡ್ಡೂ ಇದೆಯೇ? ಅಂಥ ಗುರುತು ಏನಾದರೂ ಆ ಕಡೆ ನೋಡಲು ಸಿಗುತ್ತದೆಯೇ?
ನಿವೃತ್ತ ಇತಿಹಾಸ ಉಪನ್ಯಾಸಕರು, ವಿಜಯನಗರ

ಇದೆ ಸರ್, ಮೋರ್ಟನ್ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆ. ಸೆಜಿನ್‌ಕೋಟ್ ಅಂತ ಒಂದು ಬಂಗಲೆ. ಹುಲ್ಲುಗಾವಲು, ಕುರಿ, ಓಕ್ ಮರ, ಅವುಗಳ ನಡುವೆ ಹಸಿರುಗಟ್ಟಿದ ತಾಮ್ರದ ಈರುಳ್ಳಿ ಗುಮ್ಮಟ, ನವಿಲುಗರಿಯಂತೆ ಬಾಗಿದ ಕಿಟಕಿ ಕಮಾನು, ಚಾಚಿದ ಛಜ್ಜಾ. ಕಲ್ಲು ಮಾತ್ರ ಅದೇ ಸೀಮೆಯ ಹಳದಿ ಕಲ್ಲು. ಚಾರ್ಲ್ಸ್ ಕಾಕೆರೆಲ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿಕೊಂಡು ಬಂದ. 1805ರ ಹೊತ್ತಿಗೆ ಅವನ ಅಣ್ಣ ಸ್ಯಾಮ್ಯುಯೆಲ್ ಪೀಪ್ಸ್ ಕಾಕೆರೆಲ್ ಈ ಮನೆಯ ನಕ್ಷೆ ಹಾಕಿದ. ತೋಟಕ್ಕೆ ಸಲಹೆ ಕೊಟ್ಟವನು ಚಿತ್ರಕಾರ ಥಾಮಸ್ ಡೇನಿಯಲ್. ಅವನು 1792ರಲ್ಲಿ ದಕ್ಷಿಣ ಭಾರತವನ್ನೂ ಸುತ್ತಿ ಚಿತ್ರ ಬರೆದವನು.

ನಮ್ಮವರು ನೋಡಬೇಕಾದದ್ದು ತೋಟದ ಸೇತುವೆ. ಅದರ ಕಟ್ಟೆಯ ಮೇಲೆ ಸಾಲಾಗಿ ನಂದಿಗಳು ಕೂತಿವೆ! ದೊಡ್ಡ ಬಸವಣ್ಣನ ಪಕ್ಕದ ಬೀದಿಯಲ್ಲಿ ವಾಸ ಮಾಡುವ ನನಗೆ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಎದುರಿಗೆ ಲಿಂಗ ಇಲ್ಲದ ನಂದಿ ಯಾರನ್ನು ನೋಡುತ್ತಾ ಕೂರಬೇಕು ಹೇಳಿ. 1807ರಲ್ಲಿ ಅಲ್ಲಿಗೆ ಬಂದ ಯುವರಾಜನಿಗೆ ಈ ಶೈಲಿ ಹಿಡಿಸಿತು. ಆಮೇಲೆ ಬ್ರೈಟನ್ ಸಮುದ್ರ ದಂಡೆಯ ಅವನ ಅರಮನೆಗೂ ಗುಮ್ಮಟಗಳು ಬಂದವು. ಸೆಜಿನ್‌ಕೋಟ್ ಈಗಲೂ ಖಾಸಗಿ ಮನೆ. ಋತುವಿನಲ್ಲಿ ಕೆಲವು ಮಧ್ಯಾಹ್ನ ಮಾತ್ರ ಒಳಗೆ ಬಿಡುತ್ತಾರೆ, ವಿಚಾರಿಸಿಕೊಂಡು ಹೋಗಿ. ಎಸ್ಟೇಟಿನ ನಡುವೆ ಹಾದುಹೋಗುವ ಕಾಲುದಾರಿಯಿಂದ ಗುಮ್ಮಟ ಯಾವತ್ತೂ ಕಾಣುತ್ತದೆ, ಅದಕ್ಕೆ ಟಿಕೆಟ್ ಇಲ್ಲ.

ಇನ್ನೂ ಸ್ವಲ್ಪ ದೂರದಲ್ಲಿ ಡೇಲ್ಸ್‌ಫರ್ಡ್. ಬಂಗಾಳದ ಮೊದಲ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ಊರು. ಹೈದರಾಲಿಯ ಜೊತೆ ಎರಡನೇ ಮೈಸೂರು ಯುದ್ಧ ನಡೆದದ್ದು ಅವನ ಅಧಿಕಾರದ ಕಾಲದಲ್ಲೇ. ಭಾರತದಲ್ಲಿ ಮಾಡಿದ್ದಕ್ಕೆ ಅವನ ಮೇಲೆ ಪಾರ್ಲಿಮೆಂಟಿನಲ್ಲಿ 1788ರಿಂದ 1795ರವರೆಗೆ ವಿಚಾರಣೆ ನಡೆಯಿತು. ಅದೇ ಹೊತ್ತಿನಲ್ಲಿ ಅವನು ಇಲ್ಲಿ ಮನೆ ಕಟ್ಟಿಸುತ್ತಿದ್ದ, ನಕ್ಷೆ ಅದೇ ಸ್ಯಾಮ್ಯುಯೆಲ್ ಕಾಕೆರೆಲ್‌ನದು. ಬಿಡುಗಡೆಯಾಗಿ, ಅಲ್ಲೇ ಬದುಕಿ, 1818ರಲ್ಲಿ ತೀರಿಕೊಂಡು, ಅಲ್ಲಿನ ಚರ್ಚಿನ ಬಳಿಯೇ ಮಣ್ಣಾದ. ಪಾಠ ಮಾಡಿದವರು ನೀವು, ಮುಂದಿನದನ್ನು ನೀವೇ ಸೇರಿಸಿಕೊಳ್ಳಿ.

ಪ್ರಶ್ನೆ: ಬೈಬರಿಯ ಆರ್ಲಿಂಗ್ಟನ್ ರೋ ಮನೆಗಳ ಬಾಗಿಲ ಮುಂದೆ ರೀಲ್ಸ್ ಮಾಡಬಹುದಾ?
ಕೋರಮಂಗಲದ ಓದುಗಾರ್ತಿ

ಬಾಗಿಲ ಹಿಂದೆ ಜನ ಇದ್ದಾರಮ್ಮ. ಅದು ಸೆಟ್ ಅಲ್ಲ. ಸುಮಾರು 1380ರಲ್ಲಿ ಉಣ್ಣೆ ಇಡಲು ಕಟ್ಟಿದ ಉಗ್ರಾಣ, 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಈಗ ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಆಸ್ತಿ. ಕೆಲವೇ ನೂರು ಜನರ ಊರಿಗೆ ಬೇಸಿಗೆಯಲ್ಲಿ ಬರುವ ಬಸ್ಸುಗಳಿಂದ ಅಲ್ಲಿನವರು ಸಾಕಾಗಿ ಹೋಗಿದ್ದಾರೆ. ಬೀದಿಯಲ್ಲಿ ನಿಂತು ಒಂದು ಫೋಟೋ ತೆಗೆ, ಕಿಟಕಿಯೊಳಗೆ ಇಣುಕಬೇಡ, ಗೇಟು ತೆಗೆಯಬೇಡ.

ಫೋಟೋ ಹುಚ್ಚು ನಿಜವಾಗಿಯೂ ಇದ್ದರೆ ಲೇಕಾಕ್‌ಗೆ ಹೋಗು. ಆ ಹಳ್ಳಿಯ ಹಳೆ ಮಠದ ಒಂದು ಕಿಟಕಿಯನ್ನು 1835ರಲ್ಲಿ ಫಾಕ್ಸ್ ಟಾಲ್ಬಟ್ ಎಂಬಾತ ಹಿಡಿದ ನೆಗೆಟಿವ್ ಇವತ್ತಿಗೂ ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ನೆಗೆಟಿವ್. ಅಂಚೆ ಚೀಟಿಯಷ್ಟೇ ದೊಡ್ಡದು. ಆ ಕಿಟಕಿ ಇನ್ನೂ ಇದೆ, ಅದರ ಮುಂದೆ ಎಷ್ಟು ಬೇಕಾದರೂ ನಿಲ್ಲು.

ಪ್ರಶ್ನೆ: ಅವರಿಗೆ ಉಳಿಸಿಕೊಳ್ಳಲು ಆಯಿತು, ನಮಗೆ ಯಾಕೆ ಆಗಲಿಲ್ಲ? ನಮ್ಮ ಊರಿನ ತೊಟ್ಟಿ ಮನೆ ಕಳೆದ ವರ್ಷ ಕೆಡವಿದೆವು.
ಕೆಂಗೇರಿ ಉಪನಗರದ ಓದುಗರು

ಬಡತನದಿಂದ ಉಳಿಯಿತು ಅಂತ ಮೇಲೆ ಹೇಳಿದೆ. ಆಮೇಲೆ ಕಾನೂನು ಬಂತು. ಅಲ್ಲಿ ಹಳೆ ಕಟ್ಟಡಗಳ ಸರ್ಕಾರಿ ಪಟ್ಟಿ ಇದೆ. ಪಟ್ಟಿಯಲ್ಲಿರುವ ಮನೆಯ ಕಿಟಕಿ ಬದಲಿಸಲೂ ಅನುಮತಿ ಬೇಕಾಗುತ್ತದೆ. ಕೇಳದೆ ಮಾಡಿದರೆ ಅದು ಅಪರಾಧ, ಬರೀ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುವ ವಿಷಯವಲ್ಲ. 1967ರ ಕಾಯ್ದೆಯಿಂದ ಒಂದೊಂದು ಕಟ್ಟಡವಲ್ಲ, ಇಡೀ ಬೀದಿ, ಇಡೀ ಊರನ್ನೇ ರಕ್ಷಿತ ಪ್ರದೇಶ ಮಾಡಬಹುದು ಅಂತಾಯಿತು. ಅದಕ್ಕೂ ಒಂದು ವರ್ಷ ಮೊದಲು, 1966ರಲ್ಲೇ, ಕಾಟ್ಸ್‌ವೋಲ್ಡ್ಸ್ ಗುಡ್ಡಗಳನ್ನು ವಿಶೇಷ ಪ್ರಾಕೃತಿಕ ಸೌಂದರ್ಯದ ಪ್ರದೇಶ ಅಂತ ಘೋಷಿಸಿದ್ದರು. ಸುಮಾರು 2,000 ಚದರ ಕಿ.ಮೀ.

ಇದರ ಬೆಲೆಯನ್ನೂ ಹೇಳಬೇಕಲ್ಲ. ಚಂದ ಉಳಿದ ಕೂಡಲೇ ಲಂಡನ್ನಿನ ದುಡ್ಡಿನವರು ವಾರಾಂತ್ಯಕ್ಕೆ ಅಂತ ಮನೆ ಕೊಂಡರು. ಊರಲ್ಲೇ ಹುಟ್ಟಿದ ಹುಡುಗನಿಗೆ ಅಲ್ಲಿ ಮನೆ ಕೊಳ್ಳುವ ಶಕ್ತಿ ಇಲ್ಲ. ಚಳಿಗಾಲದ ಮಂಗಳವಾರ ಸಂಜೆ ಹೋಗಿ ನೋಡಿ, ಎಷ್ಟೋ ಮನೆಗಳಲ್ಲಿ ದೀಪವೇ ಇರುವುದಿಲ್ಲ. ಜೇನು ಬಣ್ಣದ ಕಲ್ಲಿನ ಗೋಡೆ ಹಾಗೇ ಇದೆ, ದಿನಸಿ ಅಂಗಡಿ ಇದ್ದ ಕಡೆ ಉಡುಗೊರೆ ಅಂಗಡಿ. ಕೆಡವಿದ್ದಕ್ಕೆ ನಿಮ್ಮನ್ನು ನಾನು ಬೈಯುವುದಿಲ್ಲ. ಎಂಟು ಪಾಲುದಾರರ ತೊಟ್ಟಿ ಮನೆಯ ಹೆಂಚು ಯಾರು ಕೈಯಾಡಿಸಬೇಕು ಅನ್ನುವ ಜಗಳ ನಮ್ಮ ತಾಯಿ ಮನೆಯಲ್ಲೂ ನಡೆದಿದೆ. ಆದರೆ ಕಂಬ, ಬಾಗಿಲವಾಡ ಇನ್ನೂ ಗುಜರಿಗೆ ಹೋಗಿಲ್ಲದಿದ್ದರೆ ಮಾರಬೇಡಿ. ಹೊಸ ಮನೆಯ ನಕ್ಷೆ ಹಾಕುವ ಮೊದಲೇ ಅವುಗಳ ಅಳತೆ ತೆಗೆದು ಎಂಜಿನಿಯರ್ ಕೈಗೆ ಕೊಡಿ. ಆಮೇಲೆ ಕೊಟ್ಟರೆ ಲಿಂಟಲ್ ಎತ್ತರ ಹೊಂದುವುದಿಲ್ಲ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು?
ಹಲವರು

ಏಪ್ರಿಲ್ ಕೊನೆ, ಮೇ. ಕುರಿಮರಿಗಳು ಹೊಲದಲ್ಲಿರುತ್ತವೆ, ಕಾಡಿನಲ್ಲಿ ನೀಲಿ ಹೂವು. ಸ್ನೋಸ್‌ಹಿಲ್ ಕಡೆಯ ಲ್ಯಾವೆಂಡರ್ ಹೊಲ ನೋಡಬೇಕು ಅನ್ನುವವರು ಜುಲೈನಲ್ಲಿ ಹೋಗಿ. ಆಗಸ್ಟ್‌ನಲ್ಲಿ ಅಲ್ಲಿನ ಮಕ್ಕಳಿಗೂ ರಜೆ, ಜನ ಜಾಸ್ತಿ. ಯಾವ ತಿಂಗಳಾದರೂ ಮಳೆ ಕೋಟು ಚೀಲದಲ್ಲಿರಲಿ, ಛತ್ರಿ ಗಾಳಿಗೆ ನಿಲ್ಲುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಆಗ ಹೋಗುವವರು ಹೊಲದ ದಾರಿ ಬಿಟ್ಟು, ಮೂರೂವರೆಗೆ ಬಸ್ ಸ್ಟಾಪಿನಲ್ಲಿರಿ.